ಕಮಾನು ಬದಲಿಸುವಷ್ಟರಲ್ಲಿ

ಮೊನ್ನೆ ಮಂಗಳೂರಿನಲ್ಲಿ, ತಂಗಿಯ ಗಂಡನ ಮನೆಯೆದುರು ನಮ್ಮ ಮೋಟಾರು ನಿಲ್ಲಿಸಿದೆ. (ಸಮುದ್ರದ ಮಂಗಳೂರಲ್ಲ, ಯಲಬುರ್ಗಾದ ಕಡೆಯದು.) ಚೊಚ್ಚಲ ಹೆರಿಗೆಗೆ ಅವಳನ್ನು ಗಂಗಾವತಿಗೆ, ತವರಿಗೆ, ಕರೆದೊಯ್ಯಬೇಕಿತ್ತು. ಅವಳ ಅತ್ತೆ ನೀರು ಕೊಟ್ಟರು. ಜೊತೆಗೆ ಒಂದು ಮಾತನ್ನೂ ಹೇಳಿದರು.

"ಎಂಟನೇ ತಿಂಗಳ ಬಿದ್ದೈತ್ರಿ. ಇನ್ನ ಊರ ಸೀಮಿ ದಾಟಸೂದಿಲ್ಲ. ಬಾಣಂತನ ಇಲ್ಲೇ ಆಗ್ಲಿ."

ಏಳರಲ್ಲೇ ಕರೆತರಬೇಕೆಂಬುದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಡ್ಡ ಬಂದದ್ದು ಮೋಟಾರಿನ ಕಮಾನು.

ರಸ್ತೆಯ ಹೊಡೆತ ತಾಳುವ ಹಿಂದಿನ ಕಮಾನಿನಲ್ಲಿ ಒಂದು ಉಕ್ಕಿನ ಪಟ್ಟಿ ಬಿರುಕು ಬಿಟ್ಟಿತ್ತು. ಚಕ್ರ ಗುಂಡಿಗೆ ಇಳಿದರೆ ಹಿಂದೆ ಕುಳಿತವರ ತಲೆ ಚಾವಣಿಗೆ ಬಡಿಯುತ್ತಿತ್ತು. ಅದರಲ್ಲಿ ಬಸುರಿಯನ್ನು ಕೂರಿಸುವುದೇ? ಗಂಗಾವತಿಯ ಮೆಕ್ಯಾನಿಕ್ ಇಮಾಮಸಾಬ ಕೆಳಗೆ ನುಸುಳಿ ನೋಡಿ, ಎರಡೂ ಕಡೆ ಇಡೀ ಕಮಾನೇ ಹೊಸದಾಗಬೇಕು ಎಂದ. ಕೊಪ್ಪಳದ ಗ್ಯಾರೇಜಿನವನು ಒಂದು ಪಟ್ಟಿ ಸಾಕು ಎಂದ. ಎರಡು ರೇಟುಗಳ ನಡುವೆ ಒಂದು ಹೋರಿಯ ಬೆಲೆಯಷ್ಟು ಅಂತರ.

ನಾನೋ ಕಾಲೇಜಿನಲ್ಲಿ ಲಾಜಿಕ್ ಓದಿದವನು. ಇಬ್ಬರನ್ನೂ ಕಾರಣ ಕೇಳಿದೆ. ಇಬ್ಬರೂ ಕೊಟ್ಟರು. ಇಬ್ಬರದೂ ಸರಿ ಎನಿಸಿತು! ಆಗ ಕೈಗೆ ಸಿಕ್ಕಿದ್ದು ನೆನಪು. ಅಪ್ಪ ಎಂದೋ ಎರಡೂ ಕಮಾನು ಹೊಸದಾಗಿ ಹಾಕಿಸಿದ್ದರು. ಪುಡಿಗಾಸಿನ ಕೆಲಸ, ಸಂಜೆಯೊಳಗೆ ಮುಗಿದಿತ್ತು. ಪಕ್ಕದಲ್ಲೇ ನಿಂತು ನೋಡಿದ್ದೆ. ಅಂದಮೇಲೆ ಇವರಿಬ್ಬರೂ ಸುಲಿಯುವವರೇ! ಇಮಾಮಸಾಬನಿಗೆ ಹಾಗೆಯೇ ಹೇಳಿದೆ.

"ಹಂಗಾರ ಅವನ ಕಡೀನೇ ಹೋಗ್ರಿ ಸಾಹೇಬ್ರ," ಎಂದ, ಬೀಡಿ ಹಚ್ಚುತ್ತ. "ಸಿಕ್ಕರ ನನಗೂ ಹೇಳ್ರಿ. ಅವನ ಹತ್ರ ಕೆಲಸಕ್ಕ ಸೇರ್ತೀನಿ."

ಆ ಅಗ್ಗದ ಪುಣ್ಯಾತ್ಮನಿಗಾಗಿ ಕುಷ್ಟಗಿಯವರೆಗೂ ವಿಚಾರಿಸಿದೆ. ವಾರಗಳು ಉರುಳಿದವು. ಕೊನೆಗೆ ಅವ್ವನನ್ನೇ ಕೇಳಿದೆ: ಅಪ್ಪ ಕಮಾನು ಹಾಕಿಸಿದ್ದು ಯಾರ ಹತ್ತಿರ?

ಅಕ್ಕಿ ಆರಿಸುತ್ತಿದ್ದ ಅವ್ವ ತಲೆಯೆತ್ತಿದಳು. "ತಮ್ಮಾ, ಅದು ಟಾಂಗಾದ ಕಮಾನೋ! ನಮ್ಮ ಕಂಬಾರ ಹಾಕಿದ್ದು. ಆಗ ನಮ್ಮ ಮನ್ಯಾಗ ಮೋಟಾರ ಎಲ್ಲಿತ್ತು?"

(ಕಮಾನು ನೆನಪಿದೆ, ಕುದುರೆ ನೆನಪಿಲ್ಲ. ಇಂಥ ಸಾಕ್ಷಿಯನ್ನು ನಂಬಿ ಇನ್ನೂ ಯಾರ್‍ಯಾರ ಮೇಲೆ ತೀರ್ಪು ಕೊಟ್ಟಿದ್ದೇನೋ!)

ಮೋಟಾರನ್ನು ಇಮಾಮಸಾಬನಿಗೇ ಒಪ್ಪಿಸಿದೆ. ಯುದ್ಧದ ಕಾಲ. ಹೊಸಪೇಟೆಯಿಂದ ಸಾಮಾನು ಬರಲು ಮತ್ತಷ್ಟು ದಿನ ಹಿಡಿಯಿತು. ಹಾಕಿದ ಮೇಲೆ ಮಾತ್ರ ಗಾಡಿ ತಿಳಿನೀರಿನ ಹರಿಗೋಲಿನಂತೆ ಸಾಗಿತು. ಮಂಗಳೂರಿನವರೆಗೂ ಹಿಗ್ಗುತ್ತಲೇ ಹೋಗಿದ್ದೆ.

ನಾನೊಬ್ಬನೇ ವಾಪಸು ಹೊರಟಾಗ ತಂಗಿ ಹೊರಗೆ ಬಂದಳು.

"ಒಂದೀಟು ಕುಂತು ನೋಡ್ಲೇನಣ್ಣಾ?"

ಅವಳಿಗೆಂದೇ ಅವ್ವ ಹಿಂದಿನ ಸೀಟಿಗೆ ಹೊಸ ಕೌದಿ ಹಾಸಿ ಕಳಿಸಿದ್ದಳು. ಅದರ ಮೇಲೆ ಕುಳಿತಳು. ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ನಾನು ಬಂದ ದಾರಿಯನ್ನೇ ಕೊಂಚ ಹೊತ್ತು ನೋಡಿದಳು.

"ಭಾಳ ಛಲೋ ಆಗೈತಿ ಅಣ್ಣಾ. ಒಟ್ಟ ಕುಲುಕೂದಿಲ್ಲ."

ನಿಂತ ಮೋಟಾರು ಕುಲುಕುವುದುಂಟೇ?