ಅಕ್ಕಿಹೆಬ್ಬಾಳಿನ ಪರದೇಶಿ ಸಿಪಾಯಿ

ಅಕ್ಕಿಹೆಬ್ಬಾಳಿನ ನಮ್ಮ ಪಕ್ಕದ ಮನೆಯವನು ಹೊಲದ ಬದುವಿಗಾಗಿ ಅಣ್ಣನ ಮೇಲೂ ದನಿ ಎತ್ತಿದವನಲ್ಲ. ಅಂಥ ಶೂರ ಟಿವಿಯಲ್ಲಿ ಯುದ್ಧ ನೋಡಿ ಹುರುಪೆದ್ದು, ಏಜೆಂಟನೊಬ್ಬನನ್ನು ಹಿಡಿದು, ಯಾರದೋ ದೇಶಕ್ಕೆ ಕಾದಾಡಲು ಹೋದ. ಅಲ್ಲಿ ಪಡೆ ಬಿಟ್ಟು ಓಡಿ, ಹಸಿವಿಗೆ ಅಂಗಡಿ ದೋಚಿ, ಜೈಲು ಸೇರಿದ. ಬಿಡುಗಡೆಯಾಗಿ ಬಂದಾಗ ಊರು ಹಾರ ಹಾಕಿತು. ಯಾರು ಏನೇ ಕೇಳಿದರೂ ಕಿವಿ ಉಜ್ಜಿಕೊಂಡು, “ಚಳಿ ಕಣ್ಲಾ, ಬರೀ ಚಳಿ” ಎನ್ನುತ್ತಿದ್ದ.

ನನ್ನ ತಮ್ಮನಿಗೆ ಅಷ್ಟು ಸಾಲಲಿಲ್ಲ. “ಆ ಏಜೆಂಟ್ ನಂಬರ್ ಆಕ್ಕೊಡಣ್ಣ, ನಾನೂ ಓಯ್ತೀನಿ” ಎಂದು ಮೊಬೈಲು ಚಾಚಿದ. ನಮ್ಮ ಸಿಪಾಯಿ ಅದನ್ನು ಇಸಕೊಂಡು ಹೇಮಾವತಿ ಹೊಳೆಗೆ ಎಸೆದ. ನನ್ನ ತಮ್ಮ ಪೊಲೀಸರಿಗೆ ದೂರು ಕೊಟ್ಟ; ಅವರು ಸಿಪಾಯಿಯನ್ನು ಹಿಡಿದುಕೊಂಡು ಹೋದರು.

ಬಿಡಿಸಲು ನಾನು ಠಾಣೆಗೆ ಹೋದರೆ, ಅವನು ಬೆಂಚಿನ ಮೇಲೆ ನೆಮ್ಮದಿಯಾಗಿ ಟೀ ಕುಡಿಯುತ್ತಿದ್ದ.

“ಅವಸರ ಏನಿಲ್ಲ ಬುಡ್ಲಾ,” ಎಂದ. “ಇಲ್ಲಿ ಬೈದ್ರೆ ಅರ್ಥನಾದ್ರೂ ಆಯ್ತದೆ.”