ತಲೆ ತಗ್ಗಿಸಿದವರ ಮುಖ

ನಮ್ಮ ಅತ್ತೆಯನ್ನು ಎಲ್ಲರೂ ಪುಡಿಯತ್ತೆ ಎಂದೇ ಕರೆಯುವುದು. ಕೂದಲು, ಹುಬ್ಬು, ಸೆರಗು, ಕೊನೆಗೆ ಅವಳು ಚಹಾ ಕುಡಿಯುವ ಲೋಟದ ಅಂಚಿನಲ್ಲೂ ಕಲ್ಲಿನ ಪುಡಿ. ಅವಳು ಅಪ್ಪನ ತಂಗಿ, ಚಿಕ್ಕಪ್ಪನಿಗೆ ಅಕ್ಕ. ಮನೆಯ ಹಿಂದಿನ ತಗಡಿನ ಶೆಡ್ಡೇ ನಮ್ಮ ಶಿಲ್ಪಶಾಲೆ. ಅಲ್ಲಿ ಅಪ್ಪ ಮೆಷಿನ್ನಿನಲ್ಲಿ ಕಲ್ಲು ಕೊಯ್ಯುತ್ತಾನೆ, ಚಿಕ್ಕಪ್ಪ ಗಿರಾಕಿಗಳ ಜೊತೆ ಮಾತಾಡುತ್ತಾನೆ, ನಾನು ಹೊಳಪು ಕೊಡುತ್ತೇನೆ. ಉಳಿದದ್ದೆಲ್ಲ ಅತ್ತೆಯ ಪಾಲು. ಉಳಿದದ್ದು ಎಂದರೆ ಕೆತ್ತನೆ.

ಹೆಂಗಸರು ಕಲ್ಲು ತಿಕ್ಕಬಹುದು, ಉಳಿ ಹಿಡಿಯಬಾರದು ಎಂಬುದು ತಾತನ ಕಾಲದ ಕಟ್ಟಳೆ. ಆದರೆ ತಾತನ ಕೈ ನಡುಗಲು ಶುರುವಾಗಿ ಗಜೇಂದ್ರಮೋಕ್ಷ ಅರ್ಧಕ್ಕೆ ನಿಂತಾಗ ಅದನ್ನು ಮುಗಿಸುವ ಕಸುಬುಗಾರಿಕೆ ಗಂಡುಮಕ್ಕಳಿಬ್ಬರಿಗೂ ಇರಲಿಲ್ಲ. ಕಟ್ಟಳೆ ಆವತ್ತೇ ಮೂಲೆ ಸೇರಿತು. ಆನೆಯ ಕಾಲು ಕಚ್ಚಿದ ಮೊಸಳೆಯನ್ನೂ ಆಕಾಶದಿಂದ ಧಾವಿಸುವ ಗರುಡನನ್ನೂ ಅತ್ತೆ ಕೆತ್ತಿದಳು. ಹೊಗಳಿಕೆ ತಾತನಿಗೆ ಹೋಯಿತು, ತಾತ ಬೇಡ ಎನ್ನಲಿಲ್ಲ. ಅವನು ತೀರಿಕೊಂಡ ಮೇಲೆ ಅದು ಪಿತ್ರಾರ್ಜಿತ ಆಸ್ತಿಯ ಹಾಗೆ ಚಿಕ್ಕಪ್ಪನಿಗೆ ಬಂತು. ಕಂಬ ಸೀಳಿ ಬರುವ ನರಸಿಂಹ ಚಿಕ್ಕಪ್ಪನದು, ಕೈಲಾಸ ಎತ್ತುವ ರಾವಣ ಚಿಕ್ಕಪ್ಪನದು. ಉಳಿ ಹಿಡಿದರೆ ಹೆಬ್ಬೆರಳು ಜಜ್ಜಿಕೊಳ್ಳುವ ಮನುಷ್ಯ ಎದೆ ಸೆಟೆಸಿಕೊಂಡು ಆ ಶಿಲ್ಪಗಳ ಪಕ್ಕ ಫೋಟೋ ತೆಗೆಸಿಕೊಳ್ಳುತ್ತಿದ್ದ. ನೆನೆಸಿಕೊಂಡರೆ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಒಂದು ದಿನ ಹೊಸ ಸಭಾಭವನ ಕಟ್ಟಿಸುತ್ತಿದ್ದ ಯಜಮಾನರು ಬಂದರು. ಪುರಾಣದ ಯಾವುದಾದರೂ ಸಭೆಯ ದೃಶ್ಯ ಬೇಕು ಎಂದರು.

"ಎಷ್ಟು ಎತ್ತರಕ್ಕೆ ಕೂರಿಸ್ತೀರಿ?" ಅತ್ತೆ ಕೇಳಿದಳು. ಕೆಲಸ ಒಪ್ಪಿಕೊಳ್ಳುವ ಮುಂಚೆ ಅವಳು ಕೇಳುವ ಮೊದಲ ಪ್ರಶ್ನೆಯೇ ಅದು.

"ಮುಂಬಾಗಿಲ ಮೇಲೆ ಕಣಮ್ಮ. ಜನ ಕತ್ತೆತ್ತಿ ನೋಡಬೇಕು."

"ಹಾಗಾದ್ರೆ ದ್ರೌಪದಿಯ ವಸ್ತ್ರಾಪಹರಣ ಮಾಡೋಣ. ಕೃಷ್ಣ ಮೇಲಿರ್ತಾನೆ, ಸಭೆ ಸುತ್ತ ಇರುತ್ತೆ."

ಯಜಮಾನರು ಒಪ್ಪಿದರು. ಎತ್ತರದ ಮಾತು ಚಿಕ್ಕಪ್ಪನ ಕಿವಿಗೂ ಬಿದ್ದಿತ್ತು. ತಲೆಗೆ ಹೋಗಲಿಲ್ಲ, ಅಷ್ಟೇ.

ಅಂದು ಊಟಕ್ಕೆ ಕುಳಿತಾಗ ಅತ್ತೆ, "ಈ ಸಲ ಶಿಲ್ಪಿ ಅಂತ ನನ್ನ ಹೆಸರು ಹಾಕ್ಸಿ," ಎಂದಳು. ಇಷ್ಟು ವರ್ಷಗಳಲ್ಲಿ ಅವಳು ಬಾಯಿ ಬಿಟ್ಟು ಕೇಳಿದ್ದು ಅದೊಂದೇ.

ಚಿಕ್ಕಪ್ಪ ನಕ್ಕುಬಿಟ್ಟ. "ನಿನಗ್ಯಾಕಕ್ಕ ಈ ಉಸಾಬರಿ? ಹೆಂಗಸು ಕೆತ್ತಿದ್ದು ಅಂತ ಗೊತ್ತಾದ್ರೆ ಗಿರಾಕಿಗಳು ಈ ಕಡೆ ತಲೆ ಹಾಕಿ ಕೂಡ ಮಲಗಲ್ಲ."

"ಅಣ್ಣ, ನೀನು ಹೇಳು."

ಅಪ್ಪ ತಟ್ಟೆ ನೋಡಿದ. "ಅವನು ಹೇಳೋದ್ರಲ್ಲೂ..." ಎಂದು ಅಲ್ಲಿಗೇ ನುಂಗಿಕೊಂಡ.

"ಕೆತ್ತೋರು ಯಾರು ಅಂತ ನಿಂಗೆ ಗೊತ್ತಿಲ್ವೇನಪ್ಪ?" ನನಗೆ ತಡೆಯಲಾಗಲಿಲ್ಲ.

"ದೊಡ್ಡವರ ಮಧ್ಯೆ ಬಾಯಿ ಹಾಕ್ಬೇಡ," ಎಂದು ಚಿಕ್ಕಪ್ಪ ಗದರಿದ. ಅಪ್ಪ ತಲೆ ಎತ್ತಲಿಲ್ಲ. ಅತ್ತೆ ಆ ತಗ್ಗಿದ ತಲೆಯನ್ನು ತುಂಬಾ ಹೊತ್ತು ನೋಡಿದಳು, ಅಳತೆ ತೆಗೆದುಕೊಳ್ಳುವಾಗ ಕಲ್ಲನ್ನು ನೋಡುವ ಹಾಗೆ.

ಶೆಡ್ಡಿನಲ್ಲಿ ಚಪ್ಪಡಿಯನ್ನು ಮರದ ತುಂಡುಗಳ ಮೇಲೆ ಅಂಗಾತ ಮಲಗಿಸಿದ್ದರು. ನಡುವೆ ಎರಡೂ ಕೈ ಎತ್ತಿದ ದ್ರೌಪದಿ, ಸೀರೆ ಎಳೆದೆಳೆದು ಬೆವರಿದ ದುಶ್ಶಾಸನ, ಅಕ್ಕಪಕ್ಕದಲ್ಲಿ ಮೇಲು ಪೀಠಗಳಲ್ಲಿ ತಲೆ ತಗ್ಗಿಸಿ ಕುಳಿತ ಹಿರಿಯರು. ಆ ತಲೆಗಳು ಕಲ್ಲಿನಿಂದ ಹೊರಕ್ಕೆ ಚಾಚಿಕೊಂಡಿದ್ದವು. ನಿಂತು ನೋಡಿದರೆ ಬರೀ ನೆತ್ತಿ ಕಾಣುತ್ತಿತ್ತು. ಅತ್ತೆ ಚಪ್ಪಡಿಯ ಕಾಲ ಕಡೆ ಕೂತು, ಕೆನ್ನೆ ಕಲ್ಲಿಗೆ ಆನಿಸಿ, ಕಿರುಬೆರಳಷ್ಟು ಸಣ್ಣ ಉಳಿಯಿಂದ ಆ ತಲೆಗಳ ಅಡಿಯಲ್ಲಿ ಕೆತ್ತುತ್ತಲೇ ಇದ್ದಳು.

"ಕಾಣದ ಜಾಗಕ್ಕೆ ಯಾಕಕ್ಕ ಇಷ್ಟು ಒದ್ದಾಡ್ತೀಯ?" ಚಿಕ್ಕಪ್ಪ ಕೇಳಿದ.

"ತಲೆ ಅಂದ್ಮೇಲೆ ಮುಖಾನೂ ಇರುತ್ತಲ್ಲಪ್ಪ. ಮಾಡದೆ ಬಿಟ್ರೆ ಆಗುತ್ತಾ?"

ಕೊನೆಗೆ ಕೆಲಸ ನನ್ನ ಕೈಗೆ ಬಂತು. ಮರಳುಕಾಗದ ಹಿಡಿದು ಒಂದು ತಲೆಯ ಅಡಿಗೆ ಕೈ ತೂರಿಸಿದೆ. ಬೆರಳಿಗೆ ನಡುವೆ ಗುಳಿ ಬಿದ್ದ ಗದ್ದ ಸಿಕ್ಕಿತು. ಅಂಥ ಗದ್ದ ನಮ್ಮ ಮನೆಯಲ್ಲಿ ಚಿಕ್ಕಪ್ಪನಿಗೊಬ್ಬನಿಗೇ ಇರುವುದು. ಕೈ ಅಲ್ಲೇ ನಿಂತಿತು. ಅತ್ತೆಯ ಮುಖ ನೋಡಿದೆ.

"ಅಲ್ಲಿ ಚೆನ್ನಾಗಿ ಹೊಳಪು ಕೊಡೇ," ಎಂದಳು.

ಕೊಟ್ಟೆ. ಕನ್ನಡಿಯಾಗುವ ಹಾಗೆ ತಿಕ್ಕಿದೆ.

ಭವನ ಉದ್ಘಾಟನೆಯ ದಿನ ಬಾಗಿಲ ಪಕ್ಕದ ಗೋಡೆಯಲ್ಲಿ ಹಿತ್ತಾಳೆಯ ಫಲಕ ಹೊಳೆಯುತ್ತಿತ್ತು. ಶಿಲ್ಪಿ ಎಂದು ಚಿಕ್ಕಪ್ಪನ ಹೆಸರು, ಬೆರಳುದ್ದದ ಅಕ್ಷರಗಳಲ್ಲಿ. ಚಿಕ್ಕಪ್ಪನಿಗೂ ಅಪ್ಪನಿಗೂ ಮುಂದಿನ ಸಾಲಿನಲ್ಲಿ ಕುರ್ಚಿ. ಅತ್ತೆಯನ್ನು ಹಿಂದೆ, ಚಪ್ಪಲಿ ಬಿಡುವ ಜಾಗದ ಹತ್ತಿರ ಕೂರಿಸಿದ್ದರು. ಬಾಗಿಲ ಮೇಲಿನ ಪರದೆ ಸರಿಯಿತು. ಜನ ಕತ್ತೆತ್ತಿದರು.

ಕೆಳಗಿನಿಂದ ನೋಡಿದರೆ ನೆತ್ತಿಗಳು ಕಾಣಲೇ ಇಲ್ಲ. ಕಂಡದ್ದು ಮುಖಗಳು. ತಾತನ ಗಿಣಿಮೂಗು, ಅಪ್ಪನ ಕೂಡುಹುಬ್ಬು, ಚಿಕ್ಕಪ್ಪನ ಗುಳಿಗದ್ದ. ಒಬ್ಬ ಹೆಣ್ಣನ್ನು ಎಳೆದಾಡುತ್ತಿದ್ದರೆ ಮೂವರೂ ಸುಮ್ಮನೆ ನೆಲ ನೋಡುತ್ತಿದ್ದರು.

ಯಜಮಾನರು ಒಮ್ಮೆ ಮೇಲೆ, ಒಮ್ಮೆ ಚಿಕ್ಕಪ್ಪನ ಕಡೆ ನೋಡಿದರು. ಮೈಕು ಅವನ ಬಾಯಿಗೆ ಹಿಡಿದರು. "ಶಿಲ್ಪಿಗಳೇ, ಅದು ನಿಮ್ಮದೇ ಮುಖ ಅಲ್ವಾ? ಇಂಥವರ ಸಾಲಲ್ಲಿ ನಿಮ್ಮನ್ನೇ ಕೂರಿಸ್ಕೊಂಡಿದ್ದೀರಲ್ಲ, ಯಾಕೆ?"

ಸಭೆ ಗೊಳ್ಳೆಂದು ನಕ್ಕಿತು. ಚಿಕ್ಕಪ್ಪನ ಮುಖ ಕೆಂಪೇರಿತು. ಬೆರಳು ಹಿಂದಿನ ಸಾಲಿಗೆ ತಿರುಗಿತು.

"ನಾನಲ್ಲ!" ಮೈಕಿನಲ್ಲಿ ಕಿರುಚಿದ. "ಇದನ್ನ ಕೆತ್ತಿದ್ದು ನಾನಲ್ಲ. ಎಲ್ಲಾ ನಮ್ಮಕ್ಕನ ಕೆಲಸ!"

ಹೊಗಳಿಕೆ ಬಂದಾಗ ಒಮ್ಮೆಯೂ ಅವನ ಬಾಯಿಗೆ ಬಾರದ ಅಕ್ಕ ದೂರು ಹೇಳಲು ಎಷ್ಟು ಬೇಗ ಬಂದುಬಿಟ್ಟಳು! ಆ ಮೈಕು ಕಿತ್ತುಕೊಳ್ಳಬೇಕೆನ್ನಿಸಿತು ನನಗೆ. ಅಷ್ಟರಲ್ಲಿ ಅತ್ತೆ ಎದ್ದು ನಿಂತಳು.

"ಹೌದು, ನಾನೇ ಕೆತ್ತಿದ್ದು," ಎಂದಳು. ಅವಳಿಗೆ ಮೈಕು ಬೇಕಾಗಲಿಲ್ಲ. "ನರಸಿಂಹನ್ನೂ ನಾನೇ ಕೆತ್ತಿದ್ದು. ರಾವಣನ್ನೂ ನಾನೇ. ಬೇಕಾದ್ರೆ ನಮ್ಮಣ್ಣನ್ನ ಕೇಳಿ, ಅಲ್ಲೇ ಕೂತಿದಾನೆ."

ಎಲ್ಲರೂ ಅಪ್ಪನ ಕಡೆ ತಿರುಗಿದರು. ಅಪ್ಪ ನೆಲ ನೋಡುತ್ತಿದ್ದ.