ನನ್ನ ಕುರ್ಚಿಯಲ್ಲಿ ನಾನೇ ಕೂತ ದಿನ

"ನನ್ದಾಯ್ತು, ಈಗ ನೀನ್ ಕೂತ್ಕೊ" ಎನ್ನುತ್ತಾ ಹಾಗಲವಾಡಿ ಕಡೆಯ ಕುರಿ ಸಾಕುವ ಅಜ್ಜ ನನ್ನ ಕೈಯಿಂದ ಕ್ಷೌರದ ಕತ್ತಿ ಕಿತ್ತುಕೊಂಡರು. ಕೊರೋನಾದ ಎರಡನೇ ಅಲೆ ಇಳಿದು, ಗುಬ್ಬಿಯ ನನ್ನ ಕ್ಷೌರದ ಅಂಗಡಿಯ ಬಾಗಿಲು ತೆರೆದ ಮೊದಲ ದಿನವದು. ದೇಶವೆಲ್ಲ ಸಾವಿನ ಮನೆಯಂತಿತ್ತು. ತೀರಿಹೋದ ಅಣ್ಣನಿಗಾಗಿ ಅಜ್ಜ ಆಗಷ್ಟೇ ತಲೆ ಬೋಳಿಸಿಕೊಂಡಿದ್ದರು.

"ನಿಮ್ಮಪ್ಪನೂ ಹೋದ್ನಂತಲ್ಲ. ನಿನ್ ತಲೆ ಯಾಕ್ಲಾ ಹಂಗೇ ಐತೆ?"

ಏಳನೇ ಕ್ಲಾಸಿಗೆ ಶಾಲೆ ಬಿಟ್ಟಾಗಿನಿಂದ ಸಾವಿನ ಮನೆಗಳಲ್ಲಿ ಎಷ್ಟೋ ತಲೆ ಬೋಳಿಸಿದವನು ನಾನು. ಕೊರೋನಾದಿಂದ ಸತ್ತ ಅಪ್ಪನ ಹೆಣವನ್ನು ಆಸ್ಪತ್ರೆಯವರು ನಮಗೆ ಕೊಡಲಿಲ್ಲ. ಸೋಂಕಿನ ಭಯಕ್ಕೆ ನನ್ನ ತಲೆ ಮುಟ್ಟಲು ಯಾರೂ ಬರಲಿಲ್ಲ.

"ನಿಮಗೆ ಬರುತ್ತಾ ಅಜ್ಜ?"

"ಮೂವತ್ತು ವರ್ಷ ಕುರಿ ಉಣ್ಣೆ ಕತ್ರಿಸಿವ್ನಿ. ಕುರಿಗಿಂತ ಜಾಸ್ತಿ ಒದಿತೀಯೇನ್ಲಾ? ಸುಮ್ಕೆ ಕೂತ್ಕೊ."

ಎರಡು ಕಡೆ ಗಾಯವಾಯಿತು. ನಾನು ಅಲುಗಲಿಲ್ಲ.

ಮಾರನೆಯ ದಿನದಿಂದ ಬೈಕಿನಲ್ಲಿ ಸುತ್ತಲ ಹಳ್ಳಿಗಳಿಗೆ ಹೋಗಿ, ನನ್ನ ಹಾಗೆಯೇ ಉಳಿದುಹೋಗಿದ್ದವರನ್ನು ಹುಡುಕಿ ತಲೆ ಬೋಳಿಸಿದೆ. ಕೆಲವರ ಮನೆಯಲ್ಲಿ ಸಾವಾಗಿ ಎರಡು ತಿಂಗಳು ಕಳೆದಿತ್ತು. ತಡವಾಯಿತು ಎಂದು ಒಬ್ಬರೂ ಅನ್ನಲಿಲ್ಲ.